ಚೀಟಿಯಿಲ್ಲದ ಖಾನೆ

ಫೆಬ್ರವರಿ 11

ಅಣ್ಣಾ,

ಇಲ್ಲಿ ಎಲ್ಲರೂ ಇದ್ದ ಹಾಗೇ ಇದ್ದೇವೆ. ನೀನೂ ಹಾಗೇ ಇರಬಹುದೆಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನೀನು ನಮ್ಮ ಬೂಟಿನ ಅಂಗಡಿಗೆ ಬರೆದುಕೊಟ್ಟ ಅಳತೆಯ ಪ್ರೋಗ್ರಾಂ ಕೈಕೊಡುತ್ತಿದೆ. ಬೆಳಿಗ್ಗೆ ಸರಿಯಾಗಿಯೇ ಶುರುವಾಗುತ್ತದೆ. ಹನ್ನೊಂದರ ಸುಮಾರಿಗೆ ಯಾರದಾದರೂ ಕಾಲಿನ ಅಳತೆ ತೆಗೆಯಲು ಹೋದರೆ ‘ಖಾನೆ ತೆಗೆಯಲಾಗುತ್ತಿಲ್ಲ’ ಎಂದು ಬರುತ್ತದೆ. ಅಲ್ಲಿಂದಾಚೆ ಹಳಬರದ್ದು ತೆರೆಯುವುದಿಲ್ಲ, ಹೊಸಬರದ್ದನ್ನು ಬರೆದುಕೊಳ್ಳುವುದಿಲ್ಲ. ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆ. ಆದರೆ ಎದ್ದು ಕೂರಲು ಅದಕ್ಕೆ ಅರ್ಧ ಗಂಟೆ ಬೇಕು. ಹೋದ ತಿಂಗಳು ಹಾಗೆ ಆರಿಸಿದಾಗ ಒಬ್ಬ ಹೆಂಗಸಿನ ಅಳತೆ ಪೂರ್ತಿ ಅಳಿಸಿಹೋಯಿತು. ಫೈಲು ಇದೆ, ಒಳಗೆ ಏನೂ ಇಲ್ಲ. ಆಕೆ ಎರಡು ಬಸ್ಸು ಬದಲಿಸಿ ಬಂದವರು. ಇನ್ನೊಮ್ಮೆ ಕಾಲು ಕೊಡಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ರಿಪೇರಿಯವನನ್ನು ಕರೆಸಿದ್ದೆ. ಒಂದು ಗಂಟೆ ಕೂತು ನೋಡಿ, “ಇದನ್ನ ಬರೆದೋರು ಇನ್ನೂ ಇದಾರಾ ಮೇಡಂ?” ಎಂದ. ಇದ್ದಾರೆ ಎಂದೆ. “ಹಾಗಾದ್ರೆ ಅವ್ರನ್ನೇ ಕೇಳಿ” ಎಂದು ಚೀಲ ಹೆಗಲಿಗೆ ಹಾಕಿಕೊಂಡ.

ಮೂಳೆ ಆಸ್ಪತ್ರೆಯವರು ಈಗಲೂ ಮಂಗಳವಾರ ಜನರನ್ನು ಕಳಿಸುತ್ತಾರೆ. ಅಲ್ಲಿನ ಮೇಡಂ ಹೋದ ವಾರ ಬಂದಿದ್ದರು. ವರ್ಷದ ಕೊನೆಯೊಳಗೆ ಇದು ಸರಿಯಾಗದಿದ್ದರೆ ಎಲ್ಲರನ್ನೂ ಬೇರೆ ಕಡೆ ಕಳಿಸುತ್ತಾರಂತೆ. ಅಲ್ಲಿ ಸಿದ್ಧ ಅಚ್ಚುಗಳು: ಸಣ್ಣದು, ದೊಡ್ಡದು, ನಡುವಿನದು. ಆಕೆ ಹೋದ ಮೇಲೆ ನಮ್ಮ ಯಜಮಾನರು ಅಂದದ್ದು ಇಷ್ಟೇ: “ಸರಿ, ಇನ್ಮೇಲೆ ಬೂಟಿಗೆ ತಕ್ಕ ಹಾಗೆ ಕಾಲು ಬೆಳೆಸ್ಕೋಬೇಕು.”

ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಫೋನು ಮಾಡೋಣವೆಂದರೆ ನಮ್ಮ ಮನೆಗೂ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ, ಮಾತೆಲ್ಲ ಆಚೆ ಕೇಳಿಸುತ್ತದೆ. ಇಲ್ಲಿನ ನಂಬರು ಕಂಡರೆ ನೀನು ಎತ್ತುವುದೂ ಇಲ್ಲ. ಇವರ ಒಂದು ಮಾತಿಗೆ ನೀನು ಅಂಗಡಿಯ ಮೆಟ್ಟಿಲಿಳಿದು ಹನ್ನೊಂದು ವರ್ಷವಾಯಿತು. ಯಾರದು ಸರಿ ಎಂದು ನಾನು ಒಂದು ದಿನವೂ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ. ಕಂಪ್ಯೂಟರಿನದ್ದು ಮಾತ್ರ ಕೇಳುತ್ತಿದ್ದೇನೆ.

ಅದು ನಿಂತಾಗಲೆಲ್ಲ ಇವರು ಬೆಂಚಿನಿಂದಲೇ ಹೇಳುತ್ತಾರೆ: “ನಿಮ್ಮಣ್ಣ ಬರೆದದ್ದಲ್ವಾ? ಹನ್ನೊಂದರ ತನಕ ಚೆನ್ನಾಗಿರತ್ತೆ, ಆಮೇಲೆ ಮುನಿಸು.”

ನಿನ್ನ ತಂಗಿ


ಫೆಬ್ರವರಿ 24

ತಂಗೀ,

ಪತ್ರ ತಲುಪಿತು.

ನನ್ನ ಬಳಿ ಈಗ ಕಂಪ್ಯೂಟರ್ ಇಲ್ಲ. ಮೇಷ್ಟ್ರ ಕೆಲಸ ಬಿಟ್ಟ ಮೇಲೆ ಒಬ್ಬ ಪ್ರಕಾಶಕರಿಗೆ ಗಣಿತದ ಪುಸ್ತಕಗಳ ಕರಡು ತಿದ್ದುತ್ತೇನೆ. ಕೆಂಪು ಪೆನ್ನು, ಕಿಟಕಿಯ ಬೆಳಕು ಸಾಕು. ಆ ಪ್ರೋಗ್ರಾಮನ್ನು ಬರೆದ ಯಂತ್ರ ಕೆಟ್ಟು ಆರು ವರ್ಷವಾಯಿತು. ಆದರೆ ಬರೆದದ್ದನ್ನೆಲ್ಲ ಆಗಲೇ ಮುದ್ರಿಸಿಟ್ಟಿದ್ದೆ, ನೂರ ನಲವತ್ತಾರು ಪುಟ. ಅದನ್ನು ಬೀರುವಿನ ಮೇಲಿನಿಂದ ಇಳಿಸಿಕೊಡಲು ಕೆಳಮನೆಯವರನ್ನು ಕರೆಯಬೇಕಾಯಿತು. ನನ್ನ ಮನೆಯ ನಲವತ್ತೆಂಟು ಮೆಟ್ಟಿಲು ಹತ್ತುವುದು ತಮಗೊಂದು ವ್ಯಾಯಾಮ ಅನ್ನುತ್ತಾರೆ ಅವರು.

ಹಾಗಾಗಿ ನಾನು ಓದಬಲ್ಲೆ, ತಿದ್ದಿ ಕಳಿಸಲಾರೆ. ಎಲ್ಲಿ ತಪ್ಪಿದೆ ಎಂದು ತಿಳಿದರೂ ಪರಿಹಾರ ನಿಮ್ಮ ಕಡೆಯಿಂದಲೇ ಆಗಬೇಕು.

‘ಹನ್ನೊಂದರ ಸುಮಾರಿಗೆ’ ಎಂಬುದರಿಂದ ನನಗೆ ಉಪಯೋಗವಿಲ್ಲ. ಕಂಪ್ಯೂಟರಿಗೆ ಗಡಿಯಾರ ನೋಡಿ ಮುನಿಯುವ ಅಭ್ಯಾಸವಿಲ್ಲ. ಬೆಳಿಗ್ಗೆ ಹಚ್ಚಿದ ಮೇಲೆ ಎಷ್ಟನೆಯ ಸಲ ಅಳತೆ ತೆರೆಯುವಾಗ ನಿಲ್ಲುತ್ತದೆ, ಎಣಿಸು. ಒಬ್ಬರದ್ದನ್ನೇ ಎರಡು ಸಲ ತೆರೆದರೆ ಎರಡು ಎಂದು ಹಿಡಿ. ಇದು ಯಾವಾಗಿನಿಂದ ಶುರು, ಮೊದಲೂ ಹನ್ನೊಂದಕ್ಕೇ ನಿಲ್ಲುತ್ತಿತ್ತೇ, ಅದನ್ನೂ ಬರೆ. ಅಂದಾಜು ಬೇಡ.

ಅಳಿಸಿಹೋದ ಅಳತೆ ನನ್ನ ತಪ್ಪು. ಆಕೆಗೆ ಯಾರ ತಪ್ಪೆಂದು ಹೇಳುವ ಅಗತ್ಯವಿಲ್ಲ.

ಅಣ್ಣ


ಮಾರ್ಚ್ 9

ಅಣ್ಣಾ,

ಎಣಿಸಿದೆ. ಕೌಂಟರಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾ ಹೋದೆ. ಮೂವತ್ತೊಂಬತ್ತು ಸಲ ತೆರೆಯಿತು, ನಲವತ್ತನೆಯದಕ್ಕೆ ನಿಂತಿತು. ಮರುದಿನ ಜನ ಕಡಿಮೆ. ಮಧ್ಯಾಹ್ನ ಮೂರರವರೆಗೆ ಓಡಿತು. ಅವತ್ತೂ ನಲವತ್ತನೆಯದಕ್ಕೇ ನಿಂತಿತು. ಗೀಟು ನೋಡಿ ಇವರು, “ಏನಿದು, ಅಂಗಡಿನ ಜೈಲು ಮಾಡ್ಕೊಂಡ್ಯಾ?” ಎಂದರು. ಬಟ್ಟೆ ತಂದು ಒರೆಸಿದೆ.

ನೀನು ಅಂದಾಜು ಬೇಡ ಎಂದದ್ದಕ್ಕೆ ಹಳೆಯ ಡೈರಿಗಳನ್ನು ತೆಗೆದೆ. ನಿಂತ ದಿನಗಳಲ್ಲಿ ಮೂಲೆಯಲ್ಲಿ ಹೊತ್ತು ಗುರುತಿಸಿಡುವ ಅಭ್ಯಾಸ ನನಗಿದೆ; ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಮೊದಲ ಸಲ ನಿಂತದ್ದು ಆರು ವರ್ಷದ ಹಿಂದೆ, ಒಂದು ಮಂಗಳವಾರ ಸಂಜೆ ಆರೂವರೆಗೆ. ಅಂಗಡಿ ಮುಚ್ಚುವ ಹೊತ್ತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುವರ್ಷ ಐದು ಗಂಟೆ. ಮೂರು ವರ್ಷದ ಹಿಂದೆ ಎರಡು. ಹೋದ ವರ್ಷ ಹನ್ನೆರಡೂವರೆ. ಈಗ ಹನ್ನೊಂದು. ಒಂದೇ ಪುಟದಲ್ಲಿ ಬರೆದುಕೊಂಡು ನೋಡಿದಾಗ, ಏನೋ ನಮ್ಮ ಕಡೆಗೆ ನಡೆದುಕೊಂಡು ಬರುತ್ತಿರುವ ಹಾಗೆ ಕಂಡಿತು.

ನಿನ್ನ ಆರೋಗ್ಯದ ಬಗ್ಗೆ ನೀನು ಏನೂ ಬರೆದಿಲ್ಲ.

ತಂಗಿ


ಮಾರ್ಚ್ 23

ತಂಗೀ,

ಡೈರಿಗಳು ಉಪಯೋಗಕ್ಕೆ ಬಂದವು. ಅವಿಲ್ಲದೆ ನಾನು ತಪ್ಪು ಕಡೆ ಹುಡುಕುತ್ತಿದ್ದೆ.

ಎಪ್ಪತ್ತೆಂಟನೆಯ ಪುಟದಲ್ಲಿ ಒಂದು ತಪ್ಪು ಸಿಕ್ಕಿತು. ಒಬ್ಬರ ಅಳತೆ ತೆಗೆದಾಗ ಪ್ರೋಗ್ರಾಂ ಮೂರು ಫೈಲು ತೆರೆಯುತ್ತದೆ. ಅಂಕಿಗಳದ್ದು ಒಂದು, ಎಡಪಾದದ ಗೆರೆ, ಬಲಪಾದದ ಗೆರೆ ಎಂದು ಇನ್ನೆರಡು. ನೋಡಿ ಮುಗಿದಾಗ ಅಂಕಿಗಳದ್ದನ್ನು ಮುಚ್ಚುತ್ತದೆ. ಗೆರೆಗಳೆರಡನ್ನು ಮುಚ್ಚುವ ಸಾಲನ್ನು ನಾನು ಬರೆದೇ ಇಲ್ಲ. ಪರದೆಯಿಂದ ಚಿತ್ರ ಹೋಗುತ್ತದೆ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಒಳಗೆ ಎರಡು ಫೈಲು ತೆರೆದೇ ಉಳಿದಿರುತ್ತವೆ. ಈ ಪ್ರೋಗ್ರಾಂ ಒಂದೇ ಹೊತ್ತಿಗೆ ತೆರೆದಿಟ್ಟುಕೊಳ್ಳಬಹುದಾದ ಫೈಲುಗಳು ಐನೂರ ಹನ್ನೆರಡು. ಅದರಲ್ಲಿ ಮೂರು ಅದರ ಸ್ವಂತ ಬಳಕೆಗೆ. ಉಳಿದ ಐನೂರ ಒಂಬತ್ತು ತುಂಬಿದರೆ ಮುಂದಿನದು ತೆರೆಯುವುದಿಲ್ಲ. ಆರಿಸಿದರೆ ಎಲ್ಲ ಖಾಲಿ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಮೂವತ್ತೊಂಬತ್ತು ಸಲಕ್ಕೆ ಎರಡೆರಡರಂತೆ ಎಪ್ಪತ್ತೆಂಟು. ಎಪ್ಪತ್ತೆಂಟರಿಂದ ಐನೂರ ಒಂಬತ್ತು ತುಂಬುವುದಿಲ್ಲ. ಅಂದರೆ ನೀನು ಮೊದಲನೆಯ ಗಿರಾಕಿಯನ್ನು ಕರೆಯುವ ಮೊದಲೇ ಮಿಕ್ಕ ಜಾಗದಲ್ಲಿ ಯಾರೋ ಕೂತಿದ್ದಾರೆ, ಮತ್ತು ವರ್ಷ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

ನಿಮ್ಮ ಮಾವನವರ ಗೋಡೆಬೀರು ನೆನಪಿರಬೇಕು. ಪ್ರತಿ ಗಿರಾಕಿಗೆ ಒಂದು ಖಾನೆ, ಅದರಲ್ಲಿ ಅಳತೆಯ ಕಾಗದ. ಬೂಟು ಗಿರಾಕಿಯ ಕೈ ಸೇರುವ ತನಕ ಅವರು ಆ ಖಾನೆಯನ್ನು ಒಂದು ಇಂಚು ಎಳೆದೇ ಇಟ್ಟಿರುತ್ತಿದ್ದರು. ಕೆಲಸ ನಡೆಯುತ್ತಿದೆ, ಇನ್ಯಾರೂ ಅಳತೆ ಮುಟ್ಟಬೇಡಿ ಎಂದು ಅದರ ಅರ್ಥ. ಆ ಪದ್ಧತಿಯನ್ನು ನಾನು ಹಾಗೆ ಹಾಗೇ ಪ್ರೋಗ್ರಾಮಿಗೆ ತಂದೆ. ನೀನು ‘ಕೊಟ್ಟಾಯಿತು’ ಎಂದು ಗುರುತು ಹಾಕುವವರೆಗೆ ಆ ಗಿರಾಕಿಯ ಫೈಲನ್ನು ಅದು ತೆರೆದು ಹಿಡಿದಿರುತ್ತದೆ. ದಿನಾ ಬೆಳಿಗ್ಗೆ ಅಂಥವನ್ನೆಲ್ಲ ಒಂದೊಂದಾಗಿ ತೆರೆದು ತಾಳೆ ನೋಡುತ್ತದೆ. ಅರ್ಧ ಗಂಟೆ ಹೋಗುವುದು ಅದಕ್ಕೆ. ಫೈಲಿನೊಳಗೆ ಒಂದು ಅಕ್ಷರ ಬರೆದು ಬಿಟ್ಟುಬಿಟ್ಟಿದ್ದರೆ ಸಾಕಿತ್ತು. ನಾನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಆ ದಿನಗಳಲ್ಲಿ ವರ್ಷಕ್ಕೆ ಎರಡೋ ಮೂರೋ ಜೋಡಿ ಉಳಿಯುತ್ತಿದ್ದವು. ತಪ್ಪು ಎಂದು ತೋರಲಿಲ್ಲ.

ನಲವತ್ತನೆಯದಕ್ಕೇ ನಿಲ್ಲಬೇಕಾದರೆ ಬೆಳಿಗ್ಗೆ ತೆರೆದಿರುವುದು ನಾನೂರ ಇಪ್ಪತ್ತೊಂಬತ್ತು, ಇಲ್ಲವೇ ನಾನೂರ ಮೂವತ್ತು. ಬೇರೆ ಯಾವ ಸಂಖ್ಯೆಯೂ ಹೊಂದುವುದಿಲ್ಲ. ಪಟ್ಟಿ ತೋರಿಸುವ ಸೌಲಭ್ಯ ಪ್ರೋಗ್ರಾಮಿನಲ್ಲಿಲ್ಲ. ಆದರೆ ಗುರುತು ಹಾಕಿದ ಮೇಲೆ ಗಿರಾಕಿಯ ಚೀಟಿ ಹರಿದುಹಾಕುವ ರೂಢಿ ನಿಮ್ಮಲ್ಲಿತ್ತು. ಹರಿಯದೆ ಉಳಿದ ಚೀಟಿಗಳನ್ನು ಎಣಿಸು. ಎಣಿಸಿದ ಮರುದಿನ ಎಷ್ಟನೆಯದಕ್ಕೆ ನಿಲ್ಲುತ್ತದೆ ಎಂದೂ ನೋಡು.

ಆರೋಗ್ಯ ಇದ್ದ ಹಾಗೇ ಇದೆ.

ಅಣ್ಣ


ಏಪ್ರಿಲ್ 14

ಅಣ್ಣಾ,

ಈ ಸಲದ ಪತ್ರವನ್ನು ಅಂಚೆಯವನು ಇವರ ಕೈಗೆ ಕೊಟ್ಟ. ಕವರಿನ ಮೇಲಿನ ಅಕ್ಷರ ನಿನ್ನದಾಗಿರಲಿಲ್ಲ, ಯಾವುದೋ ಗಿರಾಕಿಯದು ಎಂದು ಒಡೆದರು. ಬೆಂಚಿನ ಹತ್ತಿರ ನಿಂತು ಎರಡು ಸಲ ಓದಿದರು. ತಮ್ಮಪ್ಪನ ಖಾನೆಯ ವಿಷಯ ಬಂದಲ್ಲಿ ಬೆರಳಿಟ್ಟುಕೊಂಡು ಓದಿದ್ದು ಕಂಡಿತು.

“ಕೈಯಲ್ಲಿ ಹಿಡ್ಕೊಂಡು ನಿಂತೆ ಅಂತ ಬರ್ದಿದಾನೆ,” ಎಂದರು. “ನಿಂತ್ನಂತೆ. ಅವ್ನು ನಿಂತಿದ್ದಿದ್ರೆ ಇಷ್ಟೆಲ್ಲ ಯಾಕಾಗ್ತಿತ್ತು?”

“ಕಂಪ್ಯೂಟರ್ ವಿಷಯ ಅದು,” ಎಂದೆ.

“ನಾನೂ ಕಂಪ್ಯೂಟರ್ ವಿಷಯಾನೇ ಹೇಳ್ತಿರೋದು.”

ಪತ್ರವನ್ನು ಮಡಿಸಿ ಕೊಟ್ಟು, ಚರ್ಮ ಕೊಯ್ಯುವ ರಂಪಿಗೆ ಮಸೆಯಲು ಕೂತರು. ಮಸೆಯುವುದೇನೂ ಇರಲಿಲ್ಲ, ಅವತ್ತು ಬೆಳಿಗ್ಗೆಯೇ ಮಸೆದಿದ್ದರು.

ಆ ದಿನ ನಾನು ಕೌಂಟರಿನಲ್ಲೇ ಇದ್ದೆ ಎಂದು ನಿನಗೆ ನೆನಪಿದೆಯೋ ಇಲ್ಲವೋ. ನೀನು ಹೆಡ್‌ಮಾಸ್ಟರಾದ ವಾರ. ಗಿಡ್ಡವಿರುವ ಎಡಗಾಲಿನ ಎತ್ತರದ ಅಟ್ಟೆ ಹೊರಗೆ ಕಾಣದ ಹಾಗೆ ಒಂದು ಜೋಡಿ ಬೇಕು, ಎರಡೂ ಒಂದೇ ಸಮ ಕಾಣಬೇಕು ಎಂದು ಮೆಲ್ಲಗೆ ಕೇಳಿದೆ. ಇವರು ಮೆಲ್ಲಗೆ ಉತ್ತರಿಸಲಿಲ್ಲ. “ಮೇಷ್ಟ್ರೇ, ಲೆಕ್ಕ ಹೇಳ್ಕೊಡೋರು ನೀವು. ಒಂದೂವರೆ ಇಂಚನ್ನ ಎಲ್ಲಿ ಬಚ್ಚಿಡ್ಲಿ, ನೀವೇ ಹೇಳಿ” ಎಂದರು. ಸರದಿ ಕಾಯುತ್ತಾ ಕೂತಿದ್ದ ನಾಲ್ಕು ಜನ ನಕ್ಕರು. ಐದನೆಯವಳು ನಾನು. ನೀನು ನನ್ನ ಕಡೆ ನೋಡಲಿಲ್ಲ, ಹಾಗಾಗಿ ನಿನಗೆ ಗೊತ್ತಿರಲಾರದು. ಹೇಳಿಬಿಡೋಣ ಎನ್ನಿಸಿತು.

ಚೀಟಿಗಳ ವಿಷಯ. ಭಾನುವಾರ ತಗಡಿನ ಡಬ್ಬಿ ಸುರಿದು ಎಣಿಸಿದೆ: ನಾನೂರ ಇಪ್ಪತ್ತೆಂಟು. ಸೋಮವಾರ ನಲವತ್ತನೆಯದಕ್ಕೇ ನಿಂತಿತು.

ಅಷ್ಟು ಹೇಗಾಯಿತು ಎಂದೂ ತಿಳಿಯಿತು. ಹೆಚ್ಚಿನವರು ಬೂಟು ಒಯ್ದವರೇ. ಕಂಪ್ಯೂಟರ್ ನಿಂತ ಮೇಲೆ ಬಂದವರಿಗೆ ಬೂಟು ಕೊಟ್ಟು ಕಳಿಸುತ್ತೇನೆ. ಗುರುತು ಹಾಕಲು ಅದು ಬಿಡುವುದಿಲ್ಲ. ನಾಳೆ ಹಾಕಿದರಾಯಿತೆಂದು ಚೀಟಿಯನ್ನು ಡಬ್ಬಿಗೆ ಹಾಕುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಗುರುತು ಬರೀ ಶಿಸ್ತಿಗೆ ಎಂದು ತಿಳಿದಿದ್ದೆ. ಅಂದರೆ ಅದು ನಿಂತಷ್ಟೂ ಚೀಟಿ ಹೆಚ್ಚು, ಚೀಟಿ ಹೆಚ್ಚಾದಷ್ಟೂ ಅದು ಬೇಗ ನಿಲ್ಲುತ್ತದೆ. ಅರ್ಧ ನಿನ್ನ ತಪ್ಪು, ಅರ್ಧ ನನ್ನದು.

ತಂಗಿ


ಏಪ್ರಿಲ್ 26

ತಂಗೀ,

ನಾನೂರ ಇಪ್ಪತ್ತೆಂಟು ಆಗಲಾರದು. ಅಷ್ಟೇ ಇದ್ದಿದ್ದರೆ ನಲವತ್ತನೆಯದು ತೆರೆದು ನಲವತ್ತೊಂದನೆಯದಕ್ಕೆ ನಿಲ್ಲುತ್ತಿತ್ತು. ನಿನ್ನ ಎಣಿಕೆ ಸರಿಯಿದ್ದರೆ ಚೀಟಿಯಿಲ್ಲದ ಖಾನೆ ಒಂದಾದರೂ ತೆರೆದಿದೆ.

ಕಂಡುಹಿಡಿಯಲು ಒಂದು ದಾರಿಯಿದೆ. ಬೆಳಿಗ್ಗೆ ಪ್ರೋಗ್ರಾಂ ಹಚ್ಚು, ಯಾರ ಅಳತೆಯನ್ನೂ ತೆಗೆಯಬೇಡ. ಎಲ್ಲ ಅಳತೆಯ ಫೈಲುಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಲು ಹೇಳು. ಪ್ರೋಗ್ರಾಂ ಹಿಡಿದಿರುವ ಫೈಲನ್ನು ಕಂಪ್ಯೂಟರ್ ನಕಲು ಮಾಡಲು ಬಿಡುವುದಿಲ್ಲ. ‘ಬಳಕೆಯಲ್ಲಿದೆ’ ಎಂದು ಒಂದೊಂದಕ್ಕೂ ತಡೆಯುತ್ತದೆ. ತಡೆದ ನಂಬರುಗಳನ್ನು ಬರೆದುಕೊಂಡು ಚೀಟಿಗಳ ಜೊತೆ ತಾಳೆ ನೋಡು. ಬೇಸರದ ಕೆಲಸ. ಭಾನುವಾರ ಮಾಡು.

ಕವರು ತಂದು, ವಿಳಾಸ ಬರೆದು, ಅಂಚೆ ಡಬ್ಬಿಗೆ ಹಾಕುವುದು ಕೆಳಮನೆಯವರು. ಅವರ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ನೀನು ನಕ್ಕದ್ದು ನನಗೆ ಕೇಳಿಸಿತ್ತು.

ಅಣ್ಣ


ಮೇ 19

ಅಣ್ಣಾ,

ಎರಡು ಭಾನುವಾರ ಹಿಡಿಯಿತು. ಅಷ್ಟರಲ್ಲಿ ಹೊಸ ಬೂಟುಗಳೂ ಸೇರಿ ಚೀಟಿ ನಾನೂರ ಮೂವತ್ತೊಂದಾಗಿದ್ದವು. ಕಂಪ್ಯೂಟರ್ ತಡೆದದ್ದು ನಾನೂರ ಮೂವತ್ತೆರಡು. ಎಲ್ಲ ನಂಬರಿಗೂ ಚೀಟಿ ಸಿಕ್ಕಿತು, ಒಂದನ್ನು ಬಿಟ್ಟು.

ಒಂದನೇ ನಂಬರು.

ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಮೊಟ್ಟಮೊದಲು ನಿನ್ನ ಕಾಲಿನ ಅಳತೆಯನ್ನೇ ಹಾಕಿದ್ದೆಯಲ್ಲ. ನೀನು ಈ ಉತ್ತರ ತಿಳಿದೇ ನನಗೆ ಎಣಿಸಲು ಹೇಳಿದೆಯೋ ಏನೋ. ನನಗಂತೂ ತಿಳಿದಿರಲಿಲ್ಲ. ಅವತ್ತು ಆ ನಂಬರಿನಲ್ಲಿ ಬರೆದುಕೊಂಡ ನಿನ್ನ ಆರ್ಡರನ್ನು ನೀನು ಹೋದ ಮೇಲೆ ಇವರು ರದ್ದು ಮಾಡಿದರೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಇವರು ದಾರಕ್ಕೆ ಮೇಣ ತಿಕ್ಕುತ್ತಿದ್ದರು. “ಒಂದನೇ ನಂಬರಿನ ಚೀಟಿ ಎಲ್ಲಿ?” ಎಂದೆ.

“ಯಾಕೆ?”

“ಲೆಕ್ಕ ತಾಳೆ ಆಗ್ತಿಲ್ಲ.”

“ಯಾರಂದ್ರು?”

“ಅಣ್ಣ.”

“ಅಲ್ಲಿ ಕೂತು ಇಲ್ಲಿನ ಚೀಟಿ ಎಣಿಸ್ತಾನಾ ಅವ್ನು?” ಎಂದು ದಾರ ಕೆಳಗಿಟ್ಟರು. ಆಮೇಲೆ ಬೆಂಚಿನ ಕೆಳಗೆ ಬಗ್ಗಿ, ಚರ್ಮದ ತುಂಡುಗಳನ್ನು ಸರಿಸಿ, ಒಂದು ಮರದ ಪೆಟ್ಟಿಗೆ ಎಳೆದು ನನ್ನ ಮುಂದಿಟ್ಟು ಕೈ ತೊಳೆಯಲು ಹೋದರು.

ಕಪ್ಪು ಬೂಟು, ಒಂದು ಜೋಡಿ. ಎಡಗಡೆಯದರೊಳಗೆ ಚೀಟಿ ಮಡಿಸಿಟ್ಟಿತ್ತು. ಎರಡನ್ನೂ ಮೇಜಿನ ಮೇಲಿಟ್ಟು ನೋಡಿದೆ, ಸ್ಕೇಲು ತಂದು ಹಿಡಿದೆ. ಅಟ್ಟೆ, ಹಿಮ್ಮಡಿ, ಎಲ್ಲ ಒಂದೇ ಸಮ. ಒಂದೂವರೆ ಇಂಚು ಎಲ್ಲಿ ಹೋಯಿತೆಂದು ನನಗೆ ತಿಳಿಯಲಿಲ್ಲ. ಮೂವತ್ತು ವರ್ಷದಿಂದ ಬೂಟು ನೋಡುತ್ತಿದ್ದೇನೆ, ತಿಳಿಯಲಿಲ್ಲ. ಚೀಟಿಯಲ್ಲಿ ಮುಗಿದ ತಾರೀಕಿತ್ತು. ನೀನು ಹೋದ ಒಂಬತ್ತನೆಯ ತಿಂಗಳು.

ಒಯ್ದವರ ಚೀಟಿಗಳು ಮುನ್ನೂರ ಐವತ್ತೆರಡು. ಎಲ್ಲಕ್ಕೂ ಗುರುತು ಹಾಕಿ ಹರಿದೆ. ಬೆಂಚಿನ ಮೇಲಿರುವುದು ಇಪ್ಪತ್ತೊಂದು. ಮೇಲಿನ ಕೋಣೆಯಲ್ಲಿ ಯಾರೂ ಒಯ್ಯದ ಬೂಟು ಐವತ್ತೆಂಟು ಜೋಡಿ. ಈಗ ಕಂಪ್ಯೂಟರ್ ಆರು ನಿಮಿಷಕ್ಕೆ ಏಳುತ್ತದೆ, ಸಂಜೆಯವರೆಗೂ ನಿಲ್ಲುವುದಿಲ್ಲ. ಮೊದಲ ದಿನ ಹನ್ನೊಂದು ಗಂಟೆ ದಾಟಿದಾಗ ಇವರು ಗಡಿಯಾರ ನೋಡಿದರು.

ತಂಗಿ


ಜೂನ್ 3

ತಂಗೀ,

ಎಂಬತ್ತು ಉಳಿದಿದ್ದರೆ ದಿನಕ್ಕೆ ಇನ್ನೂರ ಹದಿನಾಲ್ಕು ಸಲ ತೆರೆಯಬಹುದು. ಅಷ್ಟು ಕಾಲುಗಳು ನಿಮ್ಮಲ್ಲಿಗೆ ಬರುವುದಿಲ್ಲ. ಆಸ್ಪತ್ರೆಯವರಿಗೆ ತಿಳಿಸಬಹುದು. ಇನ್ನು ಮುಂದೆ ಕೊಟ್ಟ ದಿನವೇ ಗುರುತು ಹಾಕು. ಗೆರೆಯ ಫೈಲು ಮುಚ್ಚದ ನನ್ನ ಮರೆವು ಉಳಿದೇ ಇದೆ, ಆದರೆ ನಿಮಗೆ ತಾಗುವುದಿಲ್ಲ.

ಒಂದನೇ ನಂಬರಿಗೂ ‘ಕೊಟ್ಟಾಯಿತು’ ಎಂದು ಗುರುತು ಹಾಕಿಬಿಡು. ಒಂದು ತೆರೆದಿದ್ದರೆ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಆದರೂ ಲೆಕ್ಕ ಶುದ್ಧವಾಗಿರಲಿ.

ನನಗೆ ಗೊತ್ತಿರಲಿಲ್ಲ.

ಅಣ್ಣ


ಜುಲೈ 10

ಅಣ್ಣಾ,

ಗುರುತು ಹಾಕಲು ಹೋದೆ. ಇವರು ಬಂದು ನನ್ನ ಕೈ ಹಿಡಿದರು. “ಕೊಟ್ಯಾ?” ಎಂದರು. ಇಲ್ಲ ಎಂದೆ. “ಕೊಡದೇ ಕೊಟ್ಟೆ ಅಂತ ನಮ್ಮಪ್ಪ ಒಂದು ದಿನಾನೂ ಖಾನೆ ಮುಚ್ಚಿಲ್ಲ. ನಾನೂ ಮುಚ್ಚಲ್ಲ.” ಹಾಗಾದರೆ ನಾನು ತಲುಪಿಸಿ ಬರುತ್ತೇನೆ ಎಂದೆ. “ಹನ್ನೊಂದು ವರ್ಷದ ಹಿಂದಿನ ಕಾಲಿಗೆ ಮಾಡಿದ್ದು. ಈಗಿನ ಕಾಲು ಎಲ್ಲಿದೆ?”

ಅದಕ್ಕೆ ಉತ್ತರ ನಿನ್ನಲ್ಲಿರಬಹುದು. ಒಂದು ಹಾಳೆಯ ಮೇಲೆ ನಿಂತು ಎರಡೂ ಪಾದದ ಸುತ್ತ ಗೆರೆ ಎಳೆದು ಕಳಿಸು.

ಮೇಲಿನ ಕೋಣೆಯ ಬೂಟಿನವರಿಗೆಲ್ಲ ಪತ್ರ ಬರೆದೆ. ಹತ್ತೊಂಬತ್ತು ಜನ ಬಂದರು. ಒಬ್ಬರು ತೀರಿಕೊಂಡ ಗಂಡನ ಜೋಡಿಯನ್ನು ಕೇಳಿ ಒಯ್ದರು. ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಇನ್ನೊಬ್ಬರ ಬಲಗಾಲನ್ನೇ ಈ ನಡುವೆ ತೆಗೆದಿದ್ದಾರೆ. ಎಡದ್ದನ್ನು ಹಾಕಿ ನೋಡಿ, ಸರಿಯಾಗಿದೆ, ಇದೊಂದು ಸಾಕು ಎಂದರು. ಬಲಗಡೆಯದು ಕೌಂಟರಿನ ಮೇಲೆ ಉಳಿಯಿತು. ಅವರಿಗೆ ಗುರುತು ಹಾಕುವುದೋ ಬೇಡವೋ ಎಂದು ಇವರನ್ನು ಕೇಳಿದೆ. ಬಲಗಡೆಯದನ್ನು ಬೆಂಚಿಗೆ ಒಯ್ದಿಟ್ಟು, ಹಾಕು ಎಂದರು.

ಆಸ್ಪತ್ರೆಯ ಮೇಡಂ ಮಂಗಳವಾರ ಇಡೀ ದಿನ ಕೂತು ನೋಡಿ ಹೋದರು. ಜನರನ್ನು ಬೇರೆ ಕಡೆ ಕಳಿಸುವ ಮಾತು ಬಿಟ್ಟಿದ್ದಾರೆ.

ನಿನ್ನ ಮನೆಯ ಆ ನಲವತ್ತೆಂಟು ಮೆಟ್ಟಿಲನ್ನು ನೀನು ಕಡೆಯ ಸಲ ಇಳಿದದ್ದು ಯಾವಾಗ? ಕಂಪ್ಯೂಟರಿಗೆ ಸಂಬಂಧವಿಲ್ಲದ ಪ್ರಶ್ನೆ ಇದೊಂದೇ.

ತಂಗಿ


ಆಗಸ್ಟ್ 6

ತಂಗೀ,

ಗೆರೆಗಳು ಈ ಕವರಿನಲ್ಲಿವೆ. ಕರಡಿನ ಹಾಳೆಯ ಹಿಂಬದಿ. ಬೇರೆ ದೊಡ್ಡ ಕಾಗದ ಮನೆಯಲ್ಲಿರಲಿಲ್ಲ. ಬೀಜಗಣಿತದ ಹನ್ನೆರಡನೆಯ ಅಧ್ಯಾಯ, ತಿದ್ದಿ ಮುಗಿದದ್ದು.

ಸಿದ್ಧ ಬೂಟುಗಳಲ್ಲಿ ನಡೆದೆ. ಒಳಗೆ ರಟ್ಟು ಇಟ್ಟುಕೊಳ್ಳುತ್ತಿದ್ದೆ. ಸಾಕಾಗುವಷ್ಟು ಕಾಲ ಸಾಕಾಯಿತು. ಸೊಂಟದ ಮೂಳೆ ಬೇರೆ ಲೆಕ್ಕ ಇಟ್ಟುಕೊಂಡಿತ್ತು ಎಂದು ಕಾಣುತ್ತದೆ.

ನಿನ್ನ ಪ್ರಶ್ನೆಗೆ ಉತ್ತರ: ಹೋದ ವರ್ಷ, ಅಕ್ಟೋಬರ್.

ಅಣ್ಣ


ಆಗಸ್ಟ್ 15

ಮೇಷ್ಟ್ರೇ,

ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ನಿನ್ನ ತಂಗಿ ತಾನು ಬರೆಯುತ್ತೇನೆ ಎಂದಳು, ಬೇಡ ಎಂದೆ.

ನೀನು ಕಳಿಸಿದ ಗೆರೆ ನೋಡಿದೆ. ಅದರಿಂದ ಬೂಟು ಆಗುವುದಿಲ್ಲ. ನಿಂತರೆ ಪಾದ ಹರಡುತ್ತದೆ, ಕೂತರೆ ಹರಡುವುದಿಲ್ಲ. ನಿನ್ನ ಬಲಪಾದ ಹನ್ನೊಂದು ವರ್ಷದ ಹಿಂದಿನದಕ್ಕಿಂತ ಅಗಲ ಕಡಿಮೆ ಬಂದಿದೆ. ವಯಸ್ಸಾದ ಹಾಗೆ ಪಾದ ಅಗಲವಾಗುತ್ತದೆಯೇ ಹೊರತು ಕಿರಿದಾಗುವುದಿಲ್ಲ. ನೀನು ಮಂಚದ ಮೇಲೆ ಕೂತು ಎಳೆದಿದ್ದೀಯ. ಎಡದ್ದು ಅಷ್ಟೂ ಸರಿಯಿಲ್ಲ. ಹಿಮ್ಮಡಿಯ ಹತ್ತಿರ ಗೆರೆ ಎರಡು ಸಲ ಹೋಗಿದೆ, ಅಂದರೆ ಕಾಲು ಅಲುಗಿದೆ, ಇನ್ಯಾರೋ ಹಿಡಿದುಕೊಂಡಿದ್ದಾರೆ. ಕೆಳಮನೆಯವರಿರಬೇಕು. ಇದನ್ನು ನಿನ್ನ ತಂಗಿಗೆ ಹೇಳಲಿಲ್ಲ. ಅವಳು ಗೆರೆ ನೋಡಿಯೇ ಒಳಗೆ ಹೋದಳು.

ಬೆಂಚಿನ ಕೆಳಗಿನ ಜೋಡಿ ನಿನಗೆ ಇನ್ನು ಆಗುವುದಿಲ್ಲ. ನಾಲ್ಕು ಸಲ ಬಿಚ್ಚಿ ಐದನೆಯ ಸಲ ಮಾಡಿದ್ದು. ನೀನು ಕೇಳಿದ್ದು ಮಾಡಲು ಬರುತ್ತದೆ. ಅವತ್ತು ನನಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎನ್ನುವ ಬದಲು ಜನರನ್ನು ನಗಿಸಿದೆ. ಆ ಜೋಡಿಯನ್ನೂ ತರುತ್ತೇನೆ. ಬಿಚ್ಚಿ ತೋರಿಸುತ್ತೇನೆ, ಒಂದೂವರೆ ಇಂಚು ಎಲ್ಲಿದೆ ಎಂದು ನೋಡುವಿಯಂತೆ.

ಗುರುವಾರ ಅಂಗಡಿ ಮುಚ್ಚಿ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಕಾಗದ, ಪೆನ್ಸಿಲ್ಲು, ಎಡಗಾಲಿನ ಕೆಳಗಿಡಲು ಮರದ ತುಂಡುಗಳು, ಎಲ್ಲ ನನ್ನ ಚೀಲದಲ್ಲಿವೆ. ನಿಲ್ಲಬೇಡ ಎಂದು ಮಾತ್ರ ಹೇಳಲಾರೆ. ಎರಡು ನಿಮಿಷ ನಿಲ್ಲಲೇಬೇಕು. ನನ್ನ ಹೆಗಲು ಹಿಡಿದುಕೋ, ಗೆರೆ ನಿನ್ನ ತಂಗಿ ಎಳೆಯುತ್ತಾಳೆ.

ಒಂದನೇ ನಂಬರಿಗೆ ಗುರುತು ಹಾಕಿಲ್ಲ. ಹೊಸ ಜೋಡಿ ನಿನ್ನ ಕಾಲಿಗೆ ಏರುವ ತನಕ ಹಾಕುವುದೂ ಇಲ್ಲ. ಒಂದು ತೆರೆದಿದ್ದರೆ ಕಂಪ್ಯೂಟರಿಗೆ ಏನೂ ಆಗುವುದಿಲ್ಲ ಎಂದು ನೀನೇ ಬರೆದಿದ್ದೀಯ.

ಗುರುವಾರ ಕಾಲುಚೀಲ ಹಾಕಿಕೊಳ್ಳಬೇಡ.

ಬೂಟಿನವನು